ಬೇಸ್ ಗಿಟಾರಿಗೆ ಚಪ್ಪಟೆ ತಂತಿ: ಹಾಕುವುದು ಹೇಗೆ, ಪಳಗಿಸುವುದು ಹೇಗೆ

ಹಾಸನದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಅಲ್ಲಿನ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಾನೆ. "ಅಣ್ಣಾ, ಫ್ಲ್ಯಾಟ್‌ವೌಂಡ್ ಹಾಕಿದೆ. ಸಿಕ್ಕಾಪಟ್ಟೆ ಬಿಗಿ, ಒತ್ತೋಕೇ ಆಗ್ತಿಲ್ಲ. ಸೌಂಡೂ ನೀವು ಹೇಳಿದ ಹಾಗಿಲ್ಲ. ತೆಗೆದುಬಿಡ್ಲಾ?"

"ಹಾಕಿ ಎಷ್ಟು ದಿನ ಆಯ್ತಪ್ಪಾ?"

"ಎರಡು ದಿನ."

ಫ್ಲ್ಯಾಟ್‌ವೌಂಡ್ ಎಂದರೆ ಚಪ್ಪಟೆ ತಂತಿ. ಎರಡು ದಿನಕ್ಕೆ ಅದರ ಗುಣ ಗೊತ್ತಾಗುವುದಿಲ್ಲ. ತಂತಿ ಬದಲಾಯಿಸಿದ ಮೇಲೆ ಅವನು ಗಿಟಾರಿನ ನೆಕ್ (ಬೆರಳು ಒತ್ತುವ ಉದ್ದನೆಯ ಕತ್ತು) ನೋಡಿಯೇ ಇರಲಿಲ್ಲ. ಫ್ಲ್ಯಾಟ್‌ವೌಂಡ್ ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಈ ಎರಡು ಕಾರಣಕ್ಕೇ. ಹಾಗಾಗಿ ಶುರುವಿನಿಂದಲೇ ಬರೆಯುತ್ತೇನೆ.

ಸಾಮಾನ್ಯ ಬೇಸ್ ತಂತಿಯಲ್ಲಿ ನಡುವೆ ಉಕ್ಕಿನ ಎಳೆ ಇರುತ್ತದೆ. ಅದರ ಮೇಲೆ ದುಂಡು ತಂತಿ ಸುತ್ತಿರುತ್ತಾರೆ. ಇದೇ ರೌಂಡ್‌ವೌಂಡ್. ಬೆರಳು ಎಳೆದರೆ ಅರದ ಹಾಗೆ ತರಿತರಿ. ಫ್ಲ್ಯಾಟ್‌ವೌಂಡ್‌ನಲ್ಲಿ ಸುತ್ತುವುದು ಚಪ್ಪಟೆ ಪಟ್ಟಿ, ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲ್. ಮೇಲ್ಮೈ ನುಣ್ಣಗೆ. ಬೆರಳು ಜಾರಿಸಿದಾಗ ಬರುವ 'ಸರ್ರ್' ಸದ್ದು ಇಲ್ಲವೇ ಇಲ್ಲ ಎನ್ನಬಹುದು. ನಾದದಲ್ಲೂ ಮೇಲಿನ ಮಿನುಗು ಕಡಿಮೆ, ಬುಡದ ಸ್ವರ ಗಟ್ಟಿ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದಲ್ಲೇ ದೇವಸ್ಥಾನ ಕಟ್ಟಿದ್ದಾರೆ. ತಂಬೂರಿ ಕೇಳಿ ಬೆಳೆದವರಿಗೆ ಒಂದು ತಂತಿಯೊಳಗೆ ಎಷ್ಟು ಸ್ವರ ಝೇಂಕರಿಸುತ್ತವೆ ಎಂದು ಹೇಳಿಕೊಡಬೇಕಿಲ್ಲ. ರೌಂಡ್‌ವೌಂಡ್ ಆ ಕಡೆಗೆ ಹತ್ತಿರ. ಫ್ಲ್ಯಾಟ್‌ವೌಂಡ್ ಮೃದಂಗದ ಎಡಕ್ಕೆ ರವೆ ಮೆತ್ತಿದಾಗ ಬರುವ 'ದುಂ'ಗೆ ಹತ್ತಿರ.

ಇದೇನೂ ಹೊಸದಲ್ಲ. 1951ರಲ್ಲಿ ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದಾಗ ಅದಕ್ಕೆ ಹಾಕುತ್ತಿದ್ದುದು ಚಪ್ಪಟೆ ತಂತಿಯೇ. ಬೇಸ್‌ನಲ್ಲಿ ರೌಂಡ್‌ವೌಂಡ್ ಜೋರಾಗಿದ್ದು 1960ರ ದಶಕದ ನಡುವಿನ ನಂತರ, ಇಂಗ್ಲೆಂಡಿನ ರೋಟೋಸೌಂಡ್ ಕಂಪನಿಯಿಂದ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ದಪ್ಪ ಲಾ ಬೆಲ್ಲಾ ಫ್ಲ್ಯಾಟ್‌ವೌಂಡ್ ಹಾಕಿ, ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ತಂತಿ ಹರಿಯುವ ತನಕ ಬದಲಾಯಿಸುತ್ತಿರಲಿಲ್ಲ. ಇದು ಮೆತ್ತನೆಯ ಹಾಡಿಗೆ ಮಾತ್ರ ಎಂದುಕೊಳ್ಳಬೇಡಿ. ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಹೆವಿ ಮೆಟಲ್ ನುಡಿಸುವುದೂ ಫ್ಲ್ಯಾಟ್‌ವೌಂಡ್‌ನಲ್ಲೇ.

ನಾನು ಇದಕ್ಕೆ ಬಂದಿದ್ದು ನಮ್ಮ ಚಿಕ್ಕಮಗಳೂರಿನ ಮಳೆಯಿಂದ. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೊಳಗೆ ಬಟ್ಟೆಯೇ ಒಣಗುವುದಿಲ್ಲ. ಗಿಟಾರ್ ಬ್ಯಾಗಿಗೆ ಬೂಷ್ಟು ಹಿಡಿಯುತ್ತದೆ. ರೌಂಡ್‌ವೌಂಡ್‌ನ ಸಂದುಗಳಲ್ಲಿ ಬೆವರು, ಕೊಳೆ, ತೇವ ಎಲ್ಲಾ ಕೂತು ಎರಡೇ ತಿಂಗಳಲ್ಲಿ ತಂತಿ ಮಂಕಾಗುತ್ತಿತ್ತು. ಗಣಪತಿ ಹಬ್ಬದ ರಸಮಂಜರಿ ಶುರುವಾಗುವ ಹೊತ್ತಿಗೆ ಹೊಸ ಸೆಟ್ ಬೇಕೇ ಬೇಕು. ಫ್ಲ್ಯಾಟ್‌ವೌಂಡ್‌ನಲ್ಲಿ ಕೊಳೆ ಕೂರಲು ಆ ಸಂದೇ ಇಲ್ಲ. ಬೆಲೆ ಜಾಸ್ತಿ, ನಿಜ. ಆದರೆ ವರ್ಷಗಟ್ಟಲೆ ಬಾಳುತ್ತದೆ.

ಕೊಳ್ಳುವ ಮುಂಚೆ

ಮೊದಲು ನಟ್‌ನಿಂದ (ಬಿರಡೆಗಳ ಬಳಿ ತಂತಿ ಕೂರುವ ಪಟ್ಟಿ) ಸ್ಯಾಡಲ್ (ಬಾಡಿಯ ಕಡೆ ತಂತಿ ಕೂರುವ ತುಂಡು) ತನಕ ಟೇಪು ಹಿಡಿದು ಅಳೆಯಿರಿ. ಹೆಚ್ಚಿನ ಬೇಸ್‌ಗಳಲ್ಲಿ 34 ಇಂಚು ಇರುತ್ತದೆ. ಅದಕ್ಕೆ ಲಾಂಗ್ ಸ್ಕೇಲ್ ಸೆಟ್. ಸುಮಾರು 30 ಇಂಚು ಇದ್ದರೆ ಶಾರ್ಟ್ ಸ್ಕೇಲ್ ಸೆಟ್. ರೌಂಡ್‌ವೌಂಡ್‌ನಲ್ಲಿ ಇದನ್ನು ಹೇಗೋ ಸುಧಾರಿಸಬಹುದು, ಇಲ್ಲಿ ಆಗುವುದಿಲ್ಲ. ಹೆಚ್ಚಿನ ಫ್ಲ್ಯಾಟ್‌ವೌಂಡ್ ತಂತಿಗಳ ತುದಿಗೆ ಬಣ್ಣದ ದಾರ ಸುತ್ತಿರುತ್ತಾರೆ. ಬಿರಡೆಗೆ ಸುತ್ತಬೇಕಾದ್ದು ಆ ದಾರದ ಭಾಗವನ್ನು. ಚಪ್ಪಟೆ ಪಟ್ಟಿಯ ಭಾಗವನ್ನೇ ಬಿರಡೆಗೆ ಸುತ್ತಿದರೆ ಪಟ್ಟಿ ಬಾಯಿಬಿಟ್ಟು ಏಳುತ್ತದೆ, ಕೊನೆಗೆ ಹರಿಯುತ್ತದೆ.

ದಪ್ಪದ ವಿಷಯ. ಈಗ 45–105 (ತೆಳು ತಂತಿಯಿಂದ ದಪ್ಪ ತಂತಿಯ ತನಕ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಹಾಕಿದ್ದರೆ ಅದೇ ಅಳತೆಯ ಫ್ಲ್ಯಾಟ್‌ವೌಂಡ್ ತೆಗೆದುಕೊಳ್ಳಿ. ಅಳತೆ ಒಂದೇ ಇದ್ದರೂ ಕೈಗೆ ಬಿಗಿ ಅನ್ನಿಸುವುದು ಸಹಜ. ಡಿ'ಅಡಾರಿಯೋ ಕ್ರೋಮ್ಸ್ ಬಿಗಿ ಜಾತಿಯದು, ದನಿಯೂ ಸ್ವಲ್ಪ ಹೊಳಪು. ವಿಯೆನ್ನಾದ ಥೊಮಾಸ್ಟಿಕ್ ಜಾಝ್ ಫ್ಲ್ಯಾಟ್ಸ್ ಸಡಿಲ, ಬೆರಳಿಗೆ ಹಗುರ, ಜೇಬಿಗೆ ಭಾರ. ಮೊದಲ ಸಲ ಹಾಕುವವರು ಜೇಮರ್ಸನ್ ಆಸೆಗೆ ಬಿದ್ದು 52–110 ತರಬೇಡಿ. ನಟ್‌ನ ಕಚ್ಚಿನಲ್ಲಿ ಅದು ಕೂರದೆ ಹೋಗಬಹುದು.

ಇನ್ನೊಂದು ಮಾತು. ನಿಮ್ಮ ಬೇಸ್‌ನಲ್ಲಿ ತಂತಿ ಬಾಡಿಯ ಹಿಂಬದಿಯಿಂದ ತೂರಿ ಬರುತ್ತದೆಯಾ? ಹಾಗಿದ್ದರೆ ಫ್ಲ್ಯಾಟ್‌ವೌಂಡ್‌ಗೆ ಆ ದಾರಿ ಬೇಡ. ಸ್ಯಾಡಲ್ ಮೇಲೆ ಬಾಗು ಕಡಿದಾಗಿ ಪಟ್ಟಿ ಬಿರಿಯುವ ಭಯ ಇದೆ. ಸ್ಯಾಡಲ್‌ಗಳಿರುವ ಬ್ರಿಜ್‌ನ ಹಿಂದಿನ ತೂತಿನಿಂದಲೇ ಹಾಕಿ.

ತಂತಿ ಹಾಕುವಾಗ

ಒಂದು ತಂತಿ ಬಿಚ್ಚಿ, ಒಂದು ಹಾಕಿ, ಮುಂದಿನದಕ್ಕೆ ಹೋಗಿ. ನೆಕ್ ಮೇಲಿನ ಎಳೆತ ಒಮ್ಮೆಲೇ ಇಳಿಯುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ತಂತಿಯನ್ನು ಬಿರಡೆಯ ತನಕ ಎಳೆದು ನೋಡಿ, ಬಿರಡೆ ದಾಟಿ 10–12 ಸೆಂ.ಮೀ. ಉಳಿಯುವ ಜಾಗ ಗುರುತು ಮಾಡಿಕೊಳ್ಳಿ. ಅಲ್ಲಿ ಇಕ್ಕಳದಲ್ಲಿ ನೆಟ್ಟಗೆ 90 ಡಿಗ್ರಿ ಬಗ್ಗಿಸಿ. ಬಗ್ಗಿಸಿದ ಮೇಲೆ, ಬಾಗಿನಿಂದ ಸ್ವಲ್ಪ ಆಚೆಗೆ ಕತ್ತರಿಸಿ. ಈ ಕ್ರಮ ತಪ್ಪಿಸಬೇಡಿ. ನನ್ನ ಮೊದಲ ಸೆಟ್‌ನ ಇ (E) ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪದ್ದನ್ನು, ನಾನು ಬಗ್ಗಿಸದೆ ಕತ್ತರಿಸಿದೆ. ಒಳಗಿನ ಎಳೆಯ ಮೇಲೆ ಪಟ್ಟಿಯ ಹಿಡಿತ ಸಡಿಲಾಯಿತು. ನೋಡಲು ಏನೂ ಆಗಿರಲಿಲ್ಲ. ಶ್ರುತಿಗೆ ತಂದು ಮೀಟಿದರೆ ನಾದವೇ ಇಲ್ಲ, ಮರದ ಹಲಗೆ ಬಡಿದ ಹಾಗೆ. ಒಂಟಿ ತಂತಿ ಎಲ್ಲೂ ಸಿಗಲಿಲ್ಲ. ಒಂದು ತಂತಿಗಾಗಿ ಪೂರ್ತಿ ಸೆಟ್ ಮತ್ತೆ ತರಿಸಿದೆ. ಆ ನೋವು ನಿಮಗೆ ಬೇಡ.

ತುದಿಯನ್ನು ಬಿರಡೆಯ ನಡುವಿನ ತೂತಿಗೆ ಇಳಿಸಿ, ಎರಡು ಮೂರು ಸುತ್ತು ಕೆಳಮುಖವಾಗಿ ಬರಲಿ. ಸುತ್ತುವಾಗ ತಂತಿ ತಿರುಚಬಾರದು. ಶ್ರುತಿಗೆ ತಂದ ಮೇಲೆ ಸ್ಯಾಡಲ್‌ನ ಎದುರು ತಂತಿಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ. ಚಪ್ಪಟೆ ತಂತಿ ಸ್ಯಾಡಲ್ ಮೇಲೆ ಬಿಲ್ಲಿನ ಹಾಗೆ ಎದ್ದು ನಿಲ್ಲುತ್ತದೆ. ಒತ್ತಿದರೆ ಸರಿಯಾಗಿ ಕೂರುತ್ತದೆ, ಸ್ವರ ನಿಲ್ಲುತ್ತದೆ. ಶ್ರುತಿ ಮಾಡುವಾಗ ನಟ್‌ನಲ್ಲಿ 'ಟಿಣ್' ಎಂದರೆ ತಂತಿ ಅಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಪೆನ್ಸಿಲ್ ಪುಡಿ ಹಚ್ಚಿ ನೋಡಿ. ಹೋಗದಿದ್ದರೆ ಕಚ್ಚನ್ನು ಅರದಿಂದ ಅಗಲ ಮಾಡಬೇಕು. ಅದನ್ನು ಬಲ್ಲವರ ಕೈಯಲ್ಲೇ ಮಾಡಿಸಿ.

ನೆಕ್ ನೋಡದೆ ನುಡಿಸಬೇಡಿ

ಒಂದು ಬೇಸ್‌ನ ನಾಲ್ಕು ತಂತಿ ಸೇರಿ ನೆಕ್ ಅನ್ನು ಸುಮಾರು 80 ಕೆ.ಜಿ. ಆಸುಪಾಸಿನಲ್ಲಿ ಎಳೆಯುತ್ತಿರುತ್ತವೆ. ಬಿಗಿ ಸೆಟ್ ಹಾಕಿದರೆ ಎಳೆತ ಏರುತ್ತದೆ, ನೆಕ್ ಮುಂದಕ್ಕೆ ಬಾಗುತ್ತದೆ, ತಂತಿ ಮೇಲೇಳುತ್ತದೆ. ಹಾಸನದ ಹುಡುಗನಿಗೆ ಒತ್ತಲು ಆಗದಿದ್ದುದು ಇದಕ್ಕೇ.

ಅಳೆಯಲು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು) ಬೇಕು. ಹೊಸದಾಗಿ ಕೊಳ್ಳಬೇಕಿಲ್ಲ, ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಸೆಟ್ ಮಾಡಲು ಇಟ್ಟಿರುತ್ತಾರೆ, ಕೇಳಿದರೆ ಕೊಡುತ್ತಾರೆ. ಬೇಸನ್ನು ನುಡಿಸುವ ಹಾಗೆ ಹಿಡಿದು, ಶ್ರುತಿಯಲ್ಲಿಟ್ಟು, ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಕೊನೆಯ ಫ್ರೆಟ್‌ನಲ್ಲೂ ಒತ್ತಿ. 8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ 0.30ರಿಂದ 0.35 ಮಿ.ಮೀ. ಸಂದು ಇದ್ದರೆ ಸಾಕು. ಜಾಸ್ತಿ ಇದ್ದರೆ ನೆಕ್ ಒಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡ್ ಅನ್ನು, ಅಲೆನ್ ಕೀಯಿಂದ ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಮತ್ತೆ ಶ್ರುತಿ ಮಾಡಿ ಅಳೆಯಿರಿ. ಇನ್ನೂ ಬೇಕಿದ್ದರೆ ಮಾರನೇ ದಿನ. ಮರ ನಿಧಾನವಾಗಿ ಒಪ್ಪಿಕೊಳ್ಳುತ್ತದೆ. ರಾಡ್ ತಿರುಗದೆ ಗಟ್ಟಿಯಾದರೆ ಬಲ ಹಾಕಬೇಡಿ, ನಿಲ್ಲಿಸಿ.

ಆಮೇಲೆ ಸ್ಯಾಡಲ್ ಎತ್ತರ. 17ನೇ ಫ್ರೆಟ್‌ನಲ್ಲಿ ಇ ತಂತಿ ಸುಮಾರು 2.5 ಮಿ.ಮೀ., ಎಲ್ಲಕ್ಕಿಂತ ತೆಳುವಾದ ಜಿ (G) ತಂತಿ 2 ಮಿ.ಮೀ. ಕೊನೆಗೆ 12ನೇ ಫ್ರೆಟ್‌ನ ಹಾರ್ಮೋನಿಕ್‌ಗೂ (ತಂತಿಯನ್ನು ಒತ್ತದೆ, ಬರೀ ಮುಟ್ಟಿ ಮೀಟಿದಾಗ ಬರುವ ಸ್ವರ) ಅಲ್ಲೇ ಒತ್ತಿದ ಸ್ವರಕ್ಕೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಪಳಗುವ ತನಕ

ಹೊಸ ಫ್ಲ್ಯಾಟ್‌ವೌಂಡ್‌ನಲ್ಲೂ ಒಂದು ಲೋಹದ ಹೊಳಪು ಇರುತ್ತದೆ. ಅದು ಇಳಿಯಬೇಕು. ದಿನಕ್ಕೆ ಅರ್ಧ ಗಂಟೆ ನುಡಿಸಿದರೆ ಮೂರು ನಾಲ್ಕು ವಾರದಲ್ಲಿ ಹದಕ್ಕೆ ಬರುತ್ತದೆ. ಅಲ್ಲಿಯ ತನಕ ತೀರ್ಮಾನ ಬೇಡ. ಆಂಪ್‌ನಲ್ಲಿ (ಆಂಪ್ಲಿಫೈಯರ್) ಬೇಸ್ ನಾಬ್ ಏರಿಸಬೇಡಿ, ಬುಡ ಈಗಾಗಲೇ ದಂಡಿಯಾಗಿದೆ. ಟೋನ್ ನಾಬ್ ಪೂರ್ತಿ ತೆರೆಯಿರಿ, ಮಿಡ್ (ನಡುವಿನ ಸ್ವರಗಳು) ಸ್ವಲ್ಪ ಏರಿಸಿ. ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಸಣ್ಣ ಸ್ಪೀಕರಿನಲ್ಲಿ ಅದು ಕೇಳುವುದೇ ಇಲ್ಲ, ಅದರ ಮೇಲಿನ ಸ್ವರಗಳೇ ಕಿವಿಗೆ ದಾರಿ ತೋರಿಸುವುದು. ಬೈಲಿನ ಪೆಂಡಾಲಿನಲ್ಲಿ ಮಿಡ್ ಇಲ್ಲದ ಫ್ಲ್ಯಾಟ್‌ವೌಂಡ್ ಬರೀ ಗುಂಗು ಆಗಿಬಿಡುತ್ತದೆ.

ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿಗೆ ಬಡಿಯುವ ಶೈಲಿ) ನುಡಿಸುವವರಿಗೆ ಈ ತಂತಿ ಬೇಡ. ಆ ಚಟಪಟ ಇದರಿಂದ ಬರುವುದಿಲ್ಲ. ರಾಜನ್–ನಾಗೇಂದ್ರ, ಜಿ.ಕೆ. ವೆಂಕಟೇಶ್ ಅವರ ಹಾಡುಗಳಿಗೆ ಹಾಕಿ ನೋಡಿ. ತಬಲಾದ ಡಗ್ಗಕ್ಕೂ ಬೇಸ್‌ಗೂ ಜಗಳವಿಲ್ಲದೆ ಎರಡೂ ಒಂದೇ ಕಡೆ ಕೂರುತ್ತವೆ. ನಮ್ಮ ಕುವೆಂಪು ಕಲಾಮಂದಿರದಲ್ಲಿ ಮೊದಲ ಸಲ ಹೀಗೆ ನುಡಿಸಿದಾಗ ಹಾಡುವವರೇ ತಿರುಗಿ ನೋಡಿದ್ದರು.

ನುಡಿಸಿದ ಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಒಣಗೆ ಒರೆಸಿ. ರೌಂಡ್‌ವೌಂಡ್ ಕುದಿಸುವ ಅಭ್ಯಾಸ ಇದ್ದರೆ ಇದಕ್ಕೆ ಮಾಡಬೇಡಿ. ಮಳೆಗಾಲದ ನಡುವೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನೆಕ್ ಅಳೆಯಿರಿ. ಮಲೆನಾಡಿನ ತೇವಕ್ಕೆ ಮರ ಅಲುಗಾಡುತ್ತದೆ, ತಂತಿ ಹಳೆಯದಾದರೂ ಅಳತೆ ಬದಲಾಗುತ್ತದೆ.

ಆ ಹುಡುಗ ಮುಂದಿನ ಭಾನುವಾರ ಹಾಸನದಿಂದ ಬಸ್ಸಿನಲ್ಲಿ ಬೇಸ್ ಹೊತ್ತು ಬಂದ. ಅಳೆದರೆ 0.60 ಮಿ.ಮೀ. ಸಂದು. ಕಾಲು ಸುತ್ತು ಅವತ್ತು ನಾನು ತಿರುಗಿಸಿದೆ. ಮಾರನೇ ದಿನ ಇನ್ನೊಂದು ಕಾಲು ಸುತ್ತನ್ನು ಅವನೇ ತಿರುಗಿಸಿ, ಅಳೆದು, ಫೋನ್ ಮಾಡಿದ: "ಅಣ್ಣಾ, ಮೂವತ್ತೈದು!"