ಡೌನ್‌ಹಿಲ್ ಸೈಕಲ್ಲಿಗೆ ಬದಲಿ ಹಿಂಬದಿ ಡಿರೈಲರ್ ಆರಿಸುವ ಕ್ರಮ

ಮುಳ್ಳಯ್ಯನಗಿರಿಯ ಆಸುಪಾಸಿನ ಇಳಿಜಾರುಗಳಲ್ಲಾಗಲಿ, ಸಕಲೇಶಪುರದ ಕಡೆಯ ಕಾಫಿ ತೋಟಗಳ ಜೀಪು ದಾರಿಗಳಲ್ಲಾಗಲಿ ಡೌನ್‌ಹಿಲ್ ಸೈಕಲ್ ಓಡಿಸುವವರಿಗೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸಿ ಗೇರ್ ಬದಲಿಸುವ ಹಿಂಬದಿ ಡಿರೈಲರ್ ಎಂಬುದು ಬ್ರೇಕ್ ಪ್ಯಾಡಿನಂತೆಯೇ ಆಗಾಗ ಬದಲಿಸಬೇಕಾಗುವ ಬಿಡಿಭಾಗ. ಹಿಂಚಕ್ರದ ಬಲಗಡೆ ನೆಲಕ್ಕೆ ಹತ್ತಿರವಾಗಿ ತೂಗುವ ಈ ಭಾಗಕ್ಕೆ ಕಲ್ಲು, ಬೇರು, ಮರಗಸಿಯ ನಂತರ ದಾರಿಯಲ್ಲೇ ಉಳಿದ ಕೊಂಬೆ, ಇವುಗಳಲ್ಲಿ ಯಾವುದು ಬಡಿದರೂ ಸಾಕು. ಡೌನ್‌ಹಿಲ್‌ಗೆ ಹೊಂದುವ ಮಾದರಿಗಳು ಚಿಕ್ಕಮಗಳೂರು ಅಥವಾ ಹಾಸನದ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವಂಥವಲ್ಲ. ಬೆಂಗಳೂರಿನಿಂದಲೋ ಆನ್‌ಲೈನ್‌ನಲ್ಲೋ ತರಿಸಬೇಕಾಗುತ್ತದೆ. ಹಾಗೆ ತರಿಸುವ ಮುನ್ನ ಯಾವ ವಿವರಗಳನ್ನು ಖಚಿತಪಡಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನೋಡಬೇಕಾದದ್ದು ಡಿರೈಲರನ್ನಲ್ಲ, ಅದನ್ನು ಫ್ರೇಮಿಗೆ ಹಿಡಿದಿಟ್ಟಿರುವ ಹ್ಯಾಂಗರನ್ನು. ಪೆಟ್ಟು ಬಿದ್ದಾಗ ಫ್ರೇಮ್ ಉಳಿದು ತಾನು ಬಾಗಲಿ ಅಥವಾ ಮುರಿಯಲಿ ಎಂಬ ಉದ್ದೇಶದಿಂದಲೇ ಅದನ್ನು ಮೆದುವಾದ ಅಲ್ಯೂಮಿನಿಯಂನಲ್ಲಿ ಮಾಡಿರುತ್ತಾರೆ. ಸೈಕಲ್ಲಿನ ಹಿಂದೆ ಕುಳಿತು ನೋಡಿದಾಗ ಡಿರೈಲರಿನ ಎರಡು ಪುಲ್ಲಿಗಳೂ ಮೇಲಿನ ಗೇರ್ ಚಕ್ರದ ನೇರಕ್ಕೆ ಕಾಣಿಸದೆ ಕೆಳಗಿನ ಪುಲ್ಲಿ ಸ್ಪೋಕುಗಳ ಕಡೆಗೆ ವಾಲಿದ್ದರೆ, ಬಾಗಿರುವುದು ಹ್ಯಾಂಗರ್ ಮಾತ್ರವೇ ಇರಬಹುದು. ಹ್ಯಾಂಗರಿನ ರಂಧ್ರಕ್ಕೆ ತಿರುಗಿಸಿ ಕೂರಿಸುವ ಅಳತೆ ಸಾಧನದಿಂದ ರಿಮ್ಮಿನ ನಾಲ್ಕು ಕಡೆ ಅಂತರವನ್ನು ಅಳೆದು, ವ್ಯತ್ಯಾಸ 4 ಮಿ.ಮೀ. ಒಳಗೆ ಬರುವಂತೆ ಸರಿಪಡಿಸಿದ ಮೇಲೂ ಗೇರ್ ಸರಿಯಾಗಿ ಬೀಳದಿದ್ದರೆ ಮಾತ್ರ ಹೊಸ ಡಿರೈಲರಿನ ಯೋಚನೆ ಮಾಡುವುದು ಒಳ್ಳೆಯದು. ಹ್ಯಾಂಗರಿನ ಆಕಾರ ಫ್ರೇಮಿನಿಂದ ಫ್ರೇಮಿಗೆ ಬೇರೆಯಾಗಿರುತ್ತದೆ. 2019ರಲ್ಲಿ ಸ್ರಾಮ್ ಕಂಪನಿ ತಂದ ಯುಡಿಎಚ್ ಎಂಬ ಸಾರ್ವತ್ರಿಕ ಹ್ಯಾಂಗರ್ ಇರುವ ಫ್ರೇಮ್ ನಿಮ್ಮದಾಗಿದ್ದರೆ ಹುಡುಕಾಟ ಸುಲಭ. ಆದರೆ ಅದರ ಬೋಲ್ಟಿಗೆ ಎಡಮರೆ (ಉಲ್ಟಾ ಸುತ್ತಿನ ತಿರುಪು) ಇರುವುದರಿಂದ ಬಿಚ್ಚಲು ಎಲ್ಲ ಬೋಲ್ಟುಗಳಿಗೆ ವಿರುದ್ಧವಾಗಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಬದಲಿ ಡಿರೈಲರ್ ತರಿಸುವಾಗ ಒಂದೆರಡು ಹ್ಯಾಂಗರುಗಳನ್ನೂ ಜೊತೆಗೇ ತರಿಸಿಕೊಳ್ಳುವುದು ಜಾಣತನ.

ಡಿರೈಲರ್ ಕೆಟ್ಟಿರುವುದೇ ನಿಜವಾದರೆ, ಆಯ್ಕೆಯನ್ನು ನಿರ್ಧರಿಸುವುದು ಹ್ಯಾಂಡಲಿನ ಮೇಲಿರುವ, ಗೇರ್ ಬದಲಿಸಲು ಒತ್ತುವ ಶಿಫ್ಟರ್. ಗೇರುಗಳ ಸಂಖ್ಯೆ ಒಂದೇ ಆಗಿದ್ದರೆ ಎಲ್ಲವೂ ಹೊಂದುತ್ತದೆ ಎಂಬ ನಂಬಿಕೆಯಿಂದ ಹಣ ಕಳೆದುಕೊಂಡವರು ಬಹಳ ಮಂದಿ. ಶಿಫ್ಟರ್ ಒಂದು ಸಲ ಒತ್ತಿದಾಗ ಎಷ್ಟು ಕೇಬಲ್ ಎಳೆಯುತ್ತದೆ ಮತ್ತು ಅಷ್ಟು ಕೇಬಲಿಗೆ ಡಿರೈಲರ್ ಎಷ್ಟು ದೂರ ಸರಿಯುತ್ತದೆ ಎಂಬ ಎರಡು ಲೆಕ್ಕಗಳು ತಾಳೆಯಾದಾಗ ಮಾತ್ರ ಚೈನು ಒಂದು ಹಲ್ಲುಚಕ್ರದಿಂದ ಮುಂದಿನದಕ್ಕೆ ಕರಾರುವಾಕ್ಕಾಗಿ ಹೋಗುತ್ತದೆ. ಶಿಮಾನೊ ಮತ್ತು ಸ್ರಾಮ್‌ಗಳ ಲೆಕ್ಕ ಬೇರೆ ಬೇರೆ. ಶಿಮಾನೊದೊಳಗೇ ಮೌಂಟನ್ ಬೈಕಿನ 9 ಸ್ಪೀಡಿನ ಎಳೆತ 10 ಸ್ಪೀಡಿನ ಎಳೆತಕ್ಕೆ ಹೊಂದುವುದಿಲ್ಲ. ರೋಡ್ ಬೈಕಿನ 10 ಸ್ಪೀಡ್ ಭಾಗವೂ ಮೌಂಟನ್ ಬೈಕಿನ 10 ಸ್ಪೀಡಿಗೆ ಆಗುವುದಿಲ್ಲ. ಸ್ರಾಮ್‌ನಲ್ಲಿ 10 ಸ್ಪೀಡಿನದು ಒಂದು ಪದ್ಧತಿ, 11 ಸ್ಪೀಡಿನದು ಇನ್ನೊಂದು. ಅವರ 7 ಸ್ಪೀಡ್ ಡೌನ್‌ಹಿಲ್ ಗೇರುಗಳು ಹೆಸರಿಗೆ ಏಳಾದರೂ 11 ಸ್ಪೀಡಿನ ಅಂತರವನ್ನೇ ಅನುಸರಿಸುತ್ತವೆ. ಏಳು ಎಂಬ ಸಂಖ್ಯೆಯನ್ನು ಕೇಳಿದ ಅಂಗಡಿಯವರು ಸಾದಾ ಗೇರ್ ಸೈಕಲ್ಲಿಗೆ ಹಾಕುವ 7 ಸ್ಪೀಡ್ ಡಿರೈಲರನ್ನು ತಂದುಕೊಟ್ಟರೆ ಅದನ್ನು ನಯವಾಗಿ ಹಿಂದಿರುಗಿಸಬೇಕಾದದ್ದು ಈ ಕಾರಣಕ್ಕೆ. ಶಿಫ್ಟರಿನ ಅಡಿಭಾಗದಲ್ಲಿ ಮತ್ತು ಹಳೆಯ ಡಿರೈಲರಿನ ಒಳಮೈಯಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಮಣ್ಣು ಒರೆಸಿ, ಎರಡರ ಫೋಟೋ ತೆಗೆದಿಟ್ಟುಕೊಂಡು, ಅದೇ ಸಂಖ್ಯೆಗಳನ್ನು ಮಾರಾಟಗಾರರಿಗೆ ಕಳುಹಿಸಬೇಕು.

ಎರಡನೆಯ ಪ್ರಶ್ನೆ ಕ್ಯಾಸೆಟ್ಟಿನದು, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗುಚ್ಛದ್ದು. ಡೌನ್‌ಹಿಲ್ ಕ್ಯಾಸೆಟ್ಟಿನ ದೊಡ್ಡ ಚಕ್ರಕ್ಕೆ ಸಾಮಾನ್ಯವಾಗಿ 24ರಿಂದ 28 ಹಲ್ಲುಗಳಿರುತ್ತವೆ. ಬೆಟ್ಟ ಹತ್ತುವ ಟ್ರೇಲ್ ಬೈಕುಗಳಲ್ಲಿ ಅದು 50 ದಾಟಿದೆ. 50 ಹಲ್ಲಿಗೆಂದು ರೂಪಿಸಿದ ಡಿರೈಲರನ್ನು 25 ಹಲ್ಲಿನ ಕ್ಯಾಸೆಟ್ಟಿನ ಕೆಳಗೆ ತೂಗಿಸಿದರೆ ಮೇಲಿನ ಪುಲ್ಲಿ ಹಲ್ಲುಗಳಿಂದ ತೀರ ದೂರ ನಿಲ್ಲುತ್ತದೆ, ಈ ಅಂತರವನ್ನು ಹೊಂದಿಸುವ ಬಿ-ಸ್ಕ್ರೂವನ್ನು ಪೂರ್ತಿ ಸಡಿಲಿಸಿದರೂ ಗೇರ್ ಜಡವಾಗಿಯೇ ಬದಲಾಗುತ್ತದೆ. ಅಂಥ ಡಿರೈಲರಿನಲ್ಲಿ ಪುಲ್ಲಿಗಳನ್ನು ಹಿಡಿದಿರುವ ಉದ್ದನೆಯ ಕೇಜು ನೆಲಕ್ಕೆ ಇನ್ನಷ್ಟು ಹತ್ತಿರವಾಗಿ ಕಲ್ಲನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಡೌನ್‌ಹಿಲ್‌ಗೆ ಗಿಡ್ಡ ಕೇಜೇ ಸರಿ.

ಗಿಡ್ಡ ಕೇಜು ಎಷ್ಟು ಚೈನನ್ನು ಸಂಭಾಳಿಸಬೇಕು ಎಂಬ ಲೆಕ್ಕ ಸರಳ: ಮುಂದೆ ಪೆಡಲಿನ ಬಳಿ ಒಂದೇ ಚೈನ್‌ರಿಂಗ್ (ಹಲ್ಲುಚಕ್ರ) ಇರುವಾಗ ಕ್ಯಾಸೆಟ್ಟಿನ ದೊಡ್ಡ ಚಕ್ರದ ಹಲ್ಲುಗಳಿಂದ ಚಿಕ್ಕದರ ಹಲ್ಲುಗಳನ್ನು ಕಳೆದರೆ ಸಾಕು, 11ರಿಂದ 28ರ ಕ್ಯಾಸೆಟ್ಟಿಗೆ ಉತ್ತರ 17. ಆದರೆ ಡೌನ್‌ಹಿಲ್ ಸೈಕಲ್ಲಿನಲ್ಲಿ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಹಿಂಬದಿ ಸಸ್ಪೆನ್ಷನ್ ಸುಮಾರು 200 ಮಿ.ಮೀ. ಕುಗ್ಗುವಾಗ ಹೆಚ್ಚಿನ ಫ್ರೇಮುಗಳಲ್ಲಿ ಕ್ರ್ಯಾಂಕಿನಿಂದ ಹಿಂಚಕ್ರದ ಅಕ್ಷಕ್ಕಿರುವ ದೂರ ಹೆಚ್ಚುತ್ತದೆ, ಆ ಹೆಚ್ಚುವರಿ ಚೈನನ್ನೂ ಕೇಜೇ ಒದಗಿಸಬೇಕು. ಚೈನು ಗಿಡ್ಡವಾಗಿದ್ದರೆ ಮೊದಲ ದೊಡ್ಡ ಜಿಗಿತದಲ್ಲೇ ಹೊಸ ಡಿರೈಲರ್ ಕಿತ್ತುಬರುತ್ತದೆ. ಆದ್ದರಿಂದ ಹಿಂಬದಿ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ತೆಗೆದು, ಅದು ಗಾಳಿಯ ಶಾಕಾಗಿದ್ದರೆ ಗಾಳಿ ಬಿಟ್ಟು, ಚೈನನ್ನು ಅತಿ ದೊಡ್ಡ ಚಕ್ರದ ಮೇಲಿರಿಸಿ ಹಿಂಬದಿಯನ್ನು ಕೊನೆಯವರೆಗೆ ಕುಗ್ಗಿಸಿ ನೋಡಬೇಕು. ಆಗಲೂ ಕೇಜು ಪೂರ್ತಿ ಸೆಟೆದು ನಿಲ್ಲದೆ ಸ್ವಲ್ಪ ಬಾಗುವಿಕೆ ಉಳಿಸಿಕೊಂಡಿರಬೇಕು. ಅತಿ ಚಿಕ್ಕ ಚಕ್ರದಲ್ಲಿದ್ದಾಗ ಚೈನು ಜೋತುಬೀಳಬಾರದು. ಹಿಂಚಕ್ರದ ನಡುವಿನ ಹಬ್ಬಿನ ಅಗಲ 150 ಅಥವಾ 157 ಮಿ.ಮೀ. ಯಾವುದೇ ಇರಲಿ, ಡಿರೈಲರಿನ ಆಯ್ಕೆಗೆ ಅದರಿಂದ ವ್ಯತ್ಯಾಸವಿಲ್ಲ.

ಕ್ಲಚ್ ಇಲ್ಲದ ಡಿರೈಲರನ್ನು, ಬೆಲೆ ಎಷ್ಟೇ ಕಡಿಮೆಯಿದ್ದರೂ, ಕೊಳ್ಳಬಾರದು. ಕೇಜು ಮುಂದಕ್ಕೆ ಕುಣಿಯದಂತೆ ಬಿಗಿಹಿಡಿಯುವ ಈ ವ್ಯವಸ್ಥೆ ಕಲ್ಲಿನ ಹಾಸಿನ ಮೇಲೆ ಚೈನು ಫ್ರೇಮಿಗೆ ಬಡಿಯುವುದನ್ನೂ ಕಳಚಿ ಬೀಳುವುದನ್ನೂ ಬಹುಮಟ್ಟಿಗೆ ತಡೆಯುತ್ತದೆ. ಮಲೆನಾಡಿನವರಿಗೆ ಇಲ್ಲಿ ಇನ್ನೊಂದು ವಿಚಾರವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ಕೆಸರಿನಲ್ಲಿ ಓಡುವ ಸೈಕಲ್ಲಿನ ಕ್ಲಚ್ಚಿನೊಳಗೆ ನೀರು ಸೇರಿ ಅದು ತುಕ್ಕು ಹಿಡಿಯುವುದು ಸಾಮಾನ್ಯ. ಶಿಮಾನೊ ಕ್ಲಚ್ಚಿನ ಮುಚ್ಚಳ ಬಿಚ್ಚಿ, ಶುಚಿಗೊಳಿಸಿ, ಗ್ರೀಸ್ ಹಾಕಿ, ಬಿಗಿಯನ್ನೂ ಹೊಂದಿಸಬಹುದು. ಸ್ರಾಮ್‌ನದು ಮನೆಯಲ್ಲಿ ಬಿಚ್ಚಲೆಂದು ಮಾಡಿದ್ದಲ್ಲ. ಶಿಫ್ಟರನ್ನೂ ಸೇರಿಸಿ ಎರಡನ್ನೂ ಹೊಸದಾಗಿ ಕೊಳ್ಳುವ ಸ್ವಾತಂತ್ರ್ಯವಿದ್ದರೆ ಈ ಒಂದೇ ಕಾರಣಕ್ಕೆ ನಾನು ಶಿಮಾನೊ ಕಡೆಗೆ ವಾಲುತ್ತೇನೆ.

ಶಿಮಾನೊ 10 ಸ್ಪೀಡಿನಲ್ಲಿ ಡೌನ್‌ಹಿಲ್‌ಗೆಂದೇ ಬಂದವು ಸೇಂಟ್ ಎಂ820 ಮತ್ತು ಜೀ ಎಂ640. ಎರಡಕ್ಕೂ ಗಿಡ್ಡ ಕೇಜು ಮತ್ತು ಕ್ಲಚ್ ಇವೆ. ಜೀಯಲ್ಲಿ ಎರಡು ಬಗೆಗಳಿದ್ದು ಒಂದು 28 ಹಲ್ಲಿನವರೆಗಿನ ಕ್ಯಾಸೆಟ್ಟಿಗೆ, ಇನ್ನೊಂದು 36 ಹಲ್ಲಿನವರೆಗಿನದಕ್ಕೆ ಹೊಂದುತ್ತದೆ. ಪೆಟ್ಟಿಗೆಯ ಮೇಲಿನ ವಿವರ ಓದದೆ ಕೊಂಡರೆ ತಪ್ಪು ಬಗೆ ಕೈಸೇರಬಹುದು. ಇವು ಸಿಗದಿದ್ದಾಗ ಅದೇ 10 ಸ್ಪೀಡ್ ಕಾಲದ ಎಸ್‌ಎಲ್‌ಎಕ್ಸ್ ಅಥವಾ ಡಿಯೋರ್ ಶ್ರೇಣಿಯಲ್ಲಿ ಕ್ಲಚ್ ಇರುವ ಮಧ್ಯಮ ಕೇಜಿನ ಡಿರೈಲರ್ ಕೆಲಸ ನಡೆಸುತ್ತದೆ, ಏಕೆಂದರೆ ಇವೆಲ್ಲದರ ಕೇಬಲ್ ಎಳೆತ ಒಂದೇ. ಸ್ರಾಮ್ ಬಳಸುವವರಿಗೆ ಜಿಎಕ್ಸ್ ಡಿಎಚ್ ಮತ್ತು ಎಕ್ಸ್01 ಡಿಎಚ್ ಎಂಬ ಎರಡು ದಾರಿಗಳಿವೆ. ಇವುಗಳಲ್ಲಿ ದುಬಾರಿಯದು ಕೆಲವು ಗ್ರಾಂ ಹಗುರ, ಕಲ್ಲಿಗೆ ಬಡಿದಾಗ ಮುರಿಯುವುದು ಎರಡೂ. ಆ ಹಣದ ವ್ಯತ್ಯಾಸವನ್ನು ಹೊಸ ಚೈನಿಗೂ ಕೇಬಲಿಗೂ ಹಾಕುವುದು ಲೇಸು. 2023ರಲ್ಲಿ ಬಂದ, ಹ್ಯಾಂಗರ್ ಇಲ್ಲದೆ ನೇರವಾಗಿ ಅಕ್ಷಕ್ಕೆ ಕೂರುವ ಸ್ರಾಮ್ ಟ್ರಾನ್ಸ್‌ಮಿಷನ್ ಯುಡಿಎಚ್‌ಗೆ ಹೊಂದುವ ಫ್ರೇಮುಗಳಿಗಷ್ಟೇ ಆಗುತ್ತದೆ, ಮತ್ತು ಅದಕ್ಕೆ ಚೈನು, ಕ್ಯಾಸೆಟ್ ಎಲ್ಲವನ್ನೂ ಬದಲಿಸಬೇಕಾಗುವುದರಿಂದ ಅದನ್ನು ಬದಲಿ ಭಾಗವೆಂದು ಎಣಿಸಲಾಗದು.

ಬಳಸಿದ ಡಿರೈಲರ್ ಕೊಳ್ಳುವುದಾದರೆ ಕೇಜನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿ ಕೀಲುಗಳಲ್ಲಿ ಸಡಿಲವಿದೆಯೇ, ಹ್ಯಾಂಗರಿಗೆ ಕೂರುವ ಬೋಲ್ಟಿನ ಮರೆ ಸವೆದಿದೆಯೇ, ಕ್ಲಚ್ ಹಾಕಿದಾಗ ಕೇಜು ಬಿಗಿಯಾಗುತ್ತದೆಯೇ ಎಂದು ನೋಡಿದರೆ ಸಾಕು.

ಜೋಡಿಸುವಾಗ ಬೋಲ್ಟಿನ ಮರೆಗೆ ಗ್ರೀಸ್ ಸವರಿ, 5 ಮಿ.ಮೀ. ಅಲೆನ್ ಕೀಲಿಯಿಂದ 8ರಿಂದ 10 ನ್ಯೂಟನ್ ಮೀಟರ್ ಬಿಗಿಗೆ ತರಬೇಕು. ಹಳೆಯ ಕೇಬಲನ್ನೂ ಅದರ ಹೊರಕವಚವನ್ನೂ ಅದೇ ದಿನ ಬದಲಿಸಬೇಕು. ಮಳೆಗಾಲ ಕಂಡ ಕೇಬಲಿನ ಜೊತೆ ಹೊಸ ಡಿರೈಲರ್ ಎಂದೂ ಸರಿಯಾಗಿ ನಡೆಯದು. ನಂತರ ಕೇಬಲ್ ಕಟ್ಟುವ ಮೊದಲೇ ಹೊರಗಿನ ಮಿತಿಯ ಸ್ಕ್ರೂವನ್ನೂ, ಕೈಯಿಂದ ಡಿರೈಲರನ್ನು ಒಳಕ್ಕೆ ತಳ್ಳಿ ಒಳಗಿನ ಮಿತಿಯ ಸ್ಕ್ರೂವನ್ನೂ ಹೊಂದಿಸಬೇಕು. 10 ಸ್ಪೀಡ್ ಶಿಫ್ಟರಿನಲ್ಲಿ ಏಳೇ ಚಕ್ರಗಳನ್ನು ಬಳಸುವವರ ಶಿಫ್ಟರಿನಲ್ಲಿ ಇನ್ನೂ ಮೂರು ಒತ್ತುಗಳು ಉಳಿದಿರುತ್ತವೆಯಾದ್ದರಿಂದ, ಒಳಗಿನ ಮಿತಿಯನ್ನು ಅತಿ ದೊಡ್ಡ ಚಕ್ರಕ್ಕೆ ಖಡಾಖಂಡಿತವಾಗಿ ನಿಲ್ಲಿಸದಿದ್ದರೆ ಡಿರೈಲರ್ ಸ್ಪೋಕುಗಳೊಳಗೆ ಹೋಗುತ್ತದೆ. ಬಿ-ಸ್ಕ್ರೂವಿನಿಂದ ಮೇಲಿನ ಪುಲ್ಲಿಯನ್ನು ದೊಡ್ಡ ಚಕ್ರಕ್ಕೆ ತಾಗದಷ್ಟು ಹತ್ತಿರ ತಂದು, ಕೊನೆಗೆ ಕ್ಲಚ್ ಹಾಕಬೇಕು.

ಬಿಡಿಭಾಗದ ಪಾರ್ಸೆಲ್ ಬರುವವರೆಗೆ ಸೈಕಲ್ಲನ್ನು ಗೋಡೆಗೆ ಒರಗಿಸಿಡಬೇಕೆಂದೇನಿಲ್ಲ. ಮುರಿದ ಡಿರೈಲರನ್ನೂ ಚೈನನ್ನೂ ಪೂರ್ತಿ ತೆಗೆದು ಇಳಿಯಬಹುದು. ಜೀಪಿನಲ್ಲಿ ಮೇಲೆ ಹೋಗಿ ಕೆಳಗಿಳಿಯುವವರಿಗೆ ಪೆಡಲ್ ತುಳಿಯುವ ಪ್ರಸಂಗ ಹೇಗೂ ಕಡಿಮೆ.