ಅಟ್ಟದ ಡಬ್ಬಿಯಲ್ಲಿ ಅಜ್ಜನ ಪದಕ ಸಿಕ್ಕರೆ

ಕಾಸರಗೋಡಿನ ಪೆರ್ಲದ ಹತ್ತಿರ ನನ್ನ ದೊಡ್ಡಮ್ಮನ ಮನೆ. ಹಂಚು ಬದಲಿಸುವಾಗ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಯಿತು. ಒಳಗೆ ಎರಡು ಪದಕ. ‘ಮಾವನವರು ಬಾಂಬರ್ ಓಡಿಸುತ್ತಿದ್ದರು, ವೀರ ಚಕ್ರ ಬಂದಿತ್ತು’ ಎಂದು ಅವರು ಹೇಳುತ್ತಲೇ ಇದ್ದರು. ನಾನು ಹೋಗುವಷ್ಟರಲ್ಲಿ ಹುಣಸೆಹುಳಿ ಕಲಸಿಟ್ಟು, ತೆಂಗಿನ ನಾರು ಹಿಡಿದು ಕೂತಿದ್ದರು!

ಮೊದಲ ಕೆಲಸ ಇದೇ: ಉಜ್ಜಬೇಡಿ. ಹುಳಿ, ಬೂದಿ, ಪಾತ್ರೆ ಪೌಡರ್ ಯಾವುದೂ ಬೇಡ. ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಧೂಳು ಒರೆಸಿ, ಎದುರು, ಬೆನ್ನು, ಅಂಚು ಮೂರರ ಫೋಟೋ ತೆಗೆಯಿರಿ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ.

ಇನ್ನು ಲೋಹ ನೋಡಿ. ವೀರ ಚಕ್ರ ದುಂಡಗಿನ ಬೆಳ್ಳಿ ಪದಕ. ಎದುರಿಗೆ ಐದು ಮೂಲೆಯ ನಕ್ಷತ್ರ, ಬೆನ್ನಿಗೆ ಹಿಂದಿ, ಇಂಗ್ಲಿಷ್ ಎರಡರಲ್ಲೂ ಪದಕದ ಹೆಸರು. ರಿಬ್ಬನ್ ಅರ್ಧ ಕಡುನೀಲಿ, ಅರ್ಧ ಕೇಸರಿ. ಮಹಾವೀರ ಚಕ್ರದ್ದು ಅರ್ಧ ಬಿಳಿ, ಅರ್ಧ ಕೇಸರಿ. ಎರಡನ್ನೂ ಸ್ಥಾಪಿಸಿದ್ದು 1950ರ ಜನವರಿ 26ರಂದು, ಆದರೆ 1947ರ ಆಗಸ್ಟ್ 15ರಿಂದಲೇ ಅನ್ವಯ. ಅದೇ ಪದಕ ಎರಡನೇ ಸಲ ಬಂದರೆ ಇನ್ನೊಂದು ಚಕ್ರ ಕೊಡುವುದಿಲ್ಲ, ರಿಬ್ಬನ್ ಮೇಲೆ ಒಂದು ಪಟ್ಟಿ ಸೇರುತ್ತದೆ. ಕ್ಯಾನ್‌ಬೆರಾ ಬಾಂಬರ್ ಪೈಲಟ್ ಪದ್ಮನಾಭ ಗೌತಮ್ ಅವರಿಗೆ 1965 ಮತ್ತು 1971, ಎರಡೂ ಯುದ್ಧಕ್ಕೆ ಮಹಾವೀರ ಚಕ್ರ ಸಂದಿದೆ.

ಎರಡನೇ ಮಹಾಯುದ್ಧದ್ದಾದರೆ ಕತೆ ಬೇರೆ. ಹಾರಾಟದ ಶೌರ್ಯಕ್ಕೆ ಬ್ರಿಟಿಷರು ಕೊಡುತ್ತಿದ್ದ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಬೆಳ್ಳಿಯ ಶಿಲುಬೆ, ರಿಬ್ಬನ್‌ನಲ್ಲಿ ಬಿಳಿ, ನೇರಳೆ ಓರೆ ಗೆರೆ. ಅದರ ಬೆನ್ನಿಗೆ ವರ್ಷ ಮಾತ್ರ ಇರುತ್ತದೆ, ಪಡೆದವರ ಹೆಸರು ಇರುವುದಿಲ್ಲ. ಹಾಗಾಗಿ ಬ್ರಿಟಿಷ್ ಸರಕಾರದ ಅಧಿಕೃತ ಪತ್ರಿಕೆಯಾದ ಲಂಡನ್ ಗೆಜೆಟ್‌ನಲ್ಲಿ ಹುಡುಕಬೇಕು. ಅದು ಆನ್‌ಲೈನ್‌ನಲ್ಲಿ ಸಿಗುತ್ತದೆ. ಭಟ್, ಶೆಟ್ಟಿ, ರೈ ಎಲ್ಲವನ್ನೂ ಬೇರೆ ಬೇರೆ ಸ್ಪೆಲ್ಲಿಂಗ್‌ನಲ್ಲಿ ಹಾಕಿ ನೋಡಿ. ಹಳೆಯ ಸೇವಾ ಕಾಗದಗಳಲ್ಲಿ ಊರು ಹುಡುಕುವಾಗಲೂ ಎಚ್ಚರ: 1956ರ ನವೆಂಬರ್ ಒಂದರವರೆಗೆ ಕಾಸರಗೋಡು ಕೇರಳದಲ್ಲಿರಲಿಲ್ಲ. ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯದಾಗಿತ್ತು.

ಸ್ವಾತಂತ್ರ್ಯದ ನಂತರದ ಶೌರ್ಯ ಪದಕಗಳಿಗೆ ರಕ್ಷಣಾ ಸಚಿವಾಲಯದ ಜಾಲತಾಣವಿದೆ. ಹೆಸರು ಹಾಕಿದರೆ ಪದಕ ಯಾಕೆ ಕೊಟ್ಟರು ಎಂಬ ಒಕ್ಕಣೆಯೂ ಸಿಗುತ್ತದೆ. ಅದನ್ನು ಓದಲೇಬೇಕು. ಎಲ್ಲಿ ಬಾಂಬ್ ಹಾಕಿದರು, ಗುಂಡಿನ ಮಳೆಯಲ್ಲಿ ಹೇಗೆ ವಾಪಸ್ ಬಂದರು ಎಂಬುದು ಅಲ್ಲೇ ಇರುವುದು. ಪೈಲಟ್ ಹೆಸರು ಸಿಗದಿದ್ದರೆ ನ್ಯಾವಿಗೇಟರ್ ಪಟ್ಟಿಯನ್ನೂ ನೋಡಿ. ಕ್ಯಾನ್‌ಬೆರಾದಲ್ಲಿ ದಾರಿ ತೋರಿಸುವವರೇ ಬೇರೆ, ಅವರಿಗೂ ಚಕ್ರ ಬಂದಿದೆ. ಜಾಲತಾಣ ಗೊತ್ತಾಗದಿದ್ದರೆ ಪಿಂಚಣಿ ಪುಸ್ತಕ, ಡಿಸ್ಚಾರ್ಜ್ ಬುಕ್ ಹಿಡಿದುಕೊಂಡು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಸರ್ವಿಸ್ ನಂಬರ್ ಒಂದಿದ್ದರೆ ಅರ್ಧ ಕೆಲಸ ಮುಗಿದಂತೆ.

ನಮ್ಮ ಡಬ್ಬಿಯಲ್ಲಿದ್ದದ್ದು ಪೂರ್ವಿ ಸ್ಟಾರ್ ಮತ್ತು ಸಂಗ್ರಾಮ ಪದಕ. 1971ರಲ್ಲಿ ಸೇವೆಯಲ್ಲಿದ್ದ ತುಂಬಾ ಜನರಿಗೆ ಬಂದವು, ಶೌರ್ಯಕ್ಕೆಂದು ಕೊಟ್ಟವಲ್ಲ. ಅಂಚಿನಲ್ಲಿ ಹೆಸರಿನ ಹಿಂದೆ ‘ಕಾರ್ಪೊರಲ್’ ಎಂದಿತ್ತು. ಆ ಹೊತ್ತಿಗೆ ನಮ್ಮ ವಾಯುಪಡೆಯಲ್ಲಿ ವಿಮಾನ ಹಾರಿಸುತ್ತಿದ್ದವರೆಲ್ಲ ಆಫೀಸರ್‌ಗಳು. ಮಾವನವರು ನೆಲದ ಮೇಲಿನ ಕೆಲಸದವರು. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ, ‘ಇವರು ರೆಡಿ ಮಾಡಿ ಕೊಡದೆ ಅದು ಮೇಲೆ ಹೋಗ್ತಿತ್ತಾ?’ ಎಂದರು.

ಕೊನೆಗೆ ಇಡುವ ವಿಷಯ. ನಮ್ಮ ಆಟಿ ಮಳೆಗೆ ಬೆಳ್ಳಿ ಕಪ್ಪಾಗುತ್ತದೆ, ರಿಬ್ಬನ್ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ಪೇಪರಲ್ಲೂ ಸುತ್ತಬೇಡಿ. ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಒಂದೊಂದನ್ನೇ ಬೇರೆ ಸುತ್ತಿ, ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಡಿ. ಸಂಗ್ರಾಮ ಪದಕಕ್ಕೆ ರಿಬ್ಬನ್ ಬದಲು ಹಸಿರು ಸೀರೆಯ ಅಂಚು ಹೊಲಿದಿತ್ತು. ಜಿರಳೆ ತಿಂದದ್ದಕ್ಕೆ ದೊಡ್ಡಮ್ಮನ ಅತ್ತೆ ಹಾಕಿದ್ದಂತೆ. ಅದನ್ನು ಬಿಚ್ಚಲಿಲ್ಲ.