ಕ್ಲೈಂಟ್ ಎದುರು ಕೂತಾಗ ನಮ್ಮೊಳಗೇ ತಕರಾರು ಎದ್ದರೆ

ನನ್ನ ತಕರಾರು ಮೊದಲು ಕಾಣಿಸಿಕೊಳ್ಳುವುದು ಎಡಗಾಲಿನ ಹಿಮ್ಮಡಿಯಲ್ಲಿ. ನಾನು ಕೋಚ್, ಅಂದರೆ ಜನ ತಮ್ಮ ದಾರಿ ತಾವೇ ಕಂಡುಕೊಳ್ಳುವಂತೆ ಪ್ರಶ್ನೆ ಕೇಳುತ್ತಾ ಜೊತೆಗೆ ಕೂರುವವನು. ಕ್ಲೈಂಟ್ ಏನೋ ಹೇಳುತ್ತಿರುತ್ತಾರೆ, ಮೇಜಿನ ಕೆಳಗೆ ಹಿಮ್ಮಡಿ ಕುಣಿಯತೊಡಗುತ್ತದೆ. ಆಮೇಲೆ ದವಡೆ ಬಿಗಿಯುತ್ತದೆ, ಕಣ್ಣು ಗಡಿಯಾರದ ಕಡೆ ಹೋಗುತ್ತದೆ. ಮನಸ್ಸಿಗೆ ಸುದ್ದಿ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ನಿಮ್ಮ ಮೈಯಲ್ಲಿ ಅದು ಎಲ್ಲಿ ಏಳುತ್ತದೆ ಎಂದು ಮೊದಲು ಪತ್ತೆ ಮಾಡಿ. ಸೆಷನ್ ಮುಗಿದ ಕೂಡಲೇ ಎರಡು ಸಾಲು ಬರೆದಿಡಿ: ಎಲ್ಲಿ ಬಿಗಿಯಿತು, ಆಗ ಅವರು ಏನು ಹೇಳುತ್ತಿದ್ದರು. ತಿಂಗಳ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಓದಿ.

ನನ್ನದೊಂದು ಎಡವಟ್ಟು ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮುಂಬಯಿಯ ಮಾಟುಂಗಾದಲ್ಲಿ ವಾರಕ್ಕೆರಡು ದಿನಕ್ಕೆಂದು ಹಿಡಿದ ಬಾಡಿಗೆ ಕೋಣೆಗೆ ನಮ್ಮೂರ ಕಡೆಯ ಯುವಕರೊಬ್ಬರು ಬರುತ್ತಿದ್ದರು. ಅಪ್ಪನ ಹೋಟೆಲು ಮಾರುವ ಯೋಚನೆ. "ಅಣ್ಣಾ, ಆ ಗಲ್ಲಾದಲ್ಲಿ ಕೂತ್ಕೊಳ್ಳಲಿಕ್ಕೇ ಆಗುದಿಲ್ಲ ನಂಗೆ" ಎಂದರು. ನಾನು ಕೇಳಿದೆ: "ತಂದೆಯವರಿಗೆ ಹೇಗನ್ನಿಸೀತು ಅಂತ ಯೋಚಿಸಿದ್ದೀರಾ?"

ಪ್ರಶ್ನೆಯ ವೇಷ ಹಾಕಿದ ಬೈಗುಳ ಅದು. ಅವರು ಮೊಬೈಲು ತಿರುಗಿಸುತ್ತಾ "ಹ್ಞಾಂ, ಮಾತಾಡ್ತೇನೆ" ಎಂದರು. ಅರ್ಧ ಗಂಟೆ ಬಾಕಿಯಿತ್ತು, ಮಾತು ಮುಗಿದಿತ್ತು.

ನನ್ನ ಅಪ್ಪ ಹಗಲು ಫೋರ್ಟಿನ ಹೋಟೆಲಿನಲ್ಲಿ ಮಾಣಿಯಾಗಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಕಡೆಗೆ ಸ್ವಂತದ್ದೊಂದು ಸಣ್ಣ ಹೋಟೆಲು ಮಾಡಿದವರು. ಅದನ್ನು ಬಿಟ್ಟು ಬ್ಯಾಂಕಿಗೆ ಸೇರಿದವನು ನಾನು. ನನ್ನ ಸೂಪರ್‌ವೈಸರ್, ಅಂದರೆ ಕೋಚಿಂಗಿನ ತೊಡಕುಗಳನ್ನು ನಾನು ಹೇಳಿಕೊಳ್ಳುವ ಹಿರಿಯರು, ಕತೆಯೆಲ್ಲ ಕೇಳಿ ಒಂದೇ ಮಾತು ಅಂದರು: "ನೀವು ಕೇಳಿದ್ದು ಯಾರ ಅಪ್ಪನ ಬಗ್ಗೆ?" ಎದುರಿನವರ ಮಾತಿಗೆ ಕೇಳುವವರ ಸ್ವಂತ ಭಾವನೆ ಹೀಗೆ ಎದ್ದು ಬರುವುದಕ್ಕೆ ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್ 1910ರಲ್ಲೇ ಕೌಂಟರ್‌ಟ್ರಾನ್ಸ್‌ಫರೆನ್ಸ್ ಎಂದು ಹೆಸರಿಟ್ಟಿದ್ದ. ಮನೋವಿಶ್ಲೇಷಕರಿಗೆ ಹೇಳಿದ ಮಾತು ನಮಗೆ ಯಾಕೆ ಎಂದು ತರಬೇತಿಯಲ್ಲಿ ನಾನೇ ಮೂಗು ಮುರಿದಿದ್ದೆ.

ಈಗ ಹಿಮ್ಮಡಿ ಕುಣಿದ ಕೂಡಲೇ ಎರಡೂ ಪಾದ ನೆಲಕ್ಕೆ ಊರುತ್ತೇನೆ. ಉಸಿರು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತೇನೆ. ಒಳಗೇ ಒಂದು ಹೆಸರು ಹೇಳಿಕೊಳ್ಳುತ್ತೇನೆ, "ಇದು ನನ್ನ ಹೋಟೆಲು" ಅಂತ. ಅಷ್ಟಾದ ಮೇಲೆ ಕೇಳುವ ಪ್ರಶ್ನೆಯಲ್ಲಿ ಕ್ಲೈಂಟ್ ಆಡಿದ ಮಾತೇ ಇರಬೇಕೆಂದು ಕಟ್ಟುನಿಟ್ಟು. "ಗಲ್ಲಾದಲ್ಲಿ ಕೂತ್ಕೊಳ್ಳಲಿಕ್ಕೆ ಆಗುದಿಲ್ಲ ಅಂದ್ರಿ. ಕೂತಾಗ ಏನಾಗ್ತದೆ?" ಇಷ್ಟು ಸಾಕಿತ್ತು ಅವತ್ತು. ಪ್ರಶ್ನೆ ಹೊಳೆಯದಿದ್ದರೆ ಸುಮ್ಮನಿರಿ. ಕೋಚ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಫ್ 2019ರಲ್ಲಿ ಪರಿಷ್ಕರಿಸಿದ ಸಾಮರ್ಥ್ಯಗಳ ಪಟ್ಟಿಯಲ್ಲೂ ಮೌನಕ್ಕೆ ಜಾಗ ಕೊಡಬೇಕೆಂದಿದೆ. ಮುಂಬಯಿಯವರಿಗೆ ಇದು ಕಷ್ಟ, ಒಪ್ಪುತ್ತೇನೆ. ಆನ್‌ಲೈನ್ ಸೆಷನ್‌ನಲ್ಲಿ ನಾಲ್ಕು ಸೆಕೆಂಡು ಸುಮ್ಮನಿದ್ದರೆ ನೆಟ್‌ವರ್ಕ್ ಹೋಯಿತೆಂದು "ಹಲೋ, ಹಲೋ" ಶುರು. "ಯೋಚಿಸ್ತಾ ಇದ್ದೇನೆ" ಎಂದು ಹೇಳಿಬಿಡಿ.

ಎಲ್ಲ ತಕರಾರೂ ನಮ್ಮದೇ ಆಗಿರಬೇಕಿಲ್ಲ. ಬರೆದಿಟ್ಟದ್ದರಲ್ಲಿ ಮೂರು ನಾಲ್ಕು ಜನರ ಎದುರು ಅದೇ ಬಿಗಿತ ಕಂಡರೆ ಬಹುಮಟ್ಟಿಗೆ ಅದು ನಮ್ಮದು. ಒಬ್ಬರ ಎದುರು ಮಾತ್ರ, ಅವರು ಅದೇ ಕತೆಯನ್ನು ಮೂರನೇ ಸಲ ಹೇಳುವಾಗ ಆಕಳಿಕೆ ಬಂದರೆ, ಅದರಲ್ಲಿ ಅವರಿಗೆ ಬೇಕಾದ್ದೇನೋ ಇರಬಹುದು. ಆಗ "ನಾನೊಂದು ಗಮನಿಸಿದೆ, ಹೇಳಲೇ?" ಎಂದು ಅನುಮತಿ ಕೇಳಿ. ಬೇಡ ಎಂದರೆ ಬೇಡ.

ತಯಾರಿಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಮುಲುಂಡಿನಿಂದ ಸ್ಲೋ ಲೋಕಲಿನಲ್ಲಿ ಬರುವ ನಾನು ಕುರ್ಲಾ ಬಂತೆಂದರೆ ಫೋನು ಜೇಬಿಗಿಳಿಸುತ್ತೇನೆ. ಸಾಯನ್, ಮಾಟುಂಗಾ, ಎರಡು ಸ್ಟೇಷನ್ನಿನಷ್ಟು ಹೊತ್ತು ಇವತ್ತು ಬರುವವರ ಯಾವ ಮಾತು ನನಗೆ ಕೇಳಲು ಇಷ್ಟವಿಲ್ಲ ಎಂದು ನೋಡಿಕೊಳ್ಳುತ್ತೇನೆ. ಇದನ್ನು ಸೂಪರ್‌ವೈಸರ್ ಹತ್ತಿರ ಬಿಚ್ಚಿ. ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದರೆ ಅದು ಗುಟ್ಟು ಬಯಲು ಮಾಡಿದ ಹಾಗೆ.

ಮಾತು ಬಾಯಿಂದ ಜಾರಿಬಿಟ್ಟರೆ ವಾಪಸ್ ತೆಗೆದುಕೊಳ್ಳಿ. ಮುಂದಿನ ವಾರ ನಾನು, "ಹೋದ ಸಲ ಕೇಳಿದ ಪ್ರಶ್ನೆ ನನ್ನದಾಗಿತ್ತು, ನಿಮ್ಮದಲ್ಲ. ಅದನ್ನು ಬಿಟ್ಟುಬಿಡುವ" ಎಂದೆ. ನನ್ನ ಅಪ್ಪನ ಕತೆ ಹೇಳಲಿಲ್ಲ. ಹೇಳಿದ್ದರೆ ಉಳಿದ ಹೊತ್ತು ಅವರು ನನ್ನನ್ನು ಸಮಾಧಾನ ಮಾಡಬೇಕಿತ್ತು.

ಹೋಟೆಲು ಆಮೇಲೆ ಮಾರಿದರು. ಆ ಸುದ್ದಿ ಹೇಳಿದ ದಿನವೂ ನನ್ನ ಹಿಮ್ಮಡಿ ಕುಣಿಯಿತು.